ಗಿಟಾರ್ ದನಿಗೆ ಅಳತೆ ಮೊದಲು, ಮರ ಆಮೇಲೆ

ಸಾಲಗುಂದ, ಸಿಂಧನೂರು ಸೀಮೆಯಲ್ಲಿ ತತ್ವಪದಕ್ಕೆ ಶ್ರುತಿ ಹಿಡಿಯುವ ವಾದ್ಯ ಏಕತಾರಿ. ತಂತಿ ಬಿಗಿದಷ್ಟೂ ಅದರ ಶ್ರುತಿ ಏರುತ್ತದೆ. ಬುರುಡೆ ದೊಡ್ಡದಾದಷ್ಟೂ ದನಿ ತುಂಬಿಕೊಳ್ಳುತ್ತದೆ. ಆರು ತಂತಿಯ ಗಿಟಾರ್ ನಡೆಯುವುದೂ ಇದೇ ಲೆಕ್ಕದಲ್ಲಿ. ಹೊಂದಿಸಬೇಕಾದ ಅಳತೆಗಳು ಮಾತ್ರ ಅಲ್ಲಿ ಹೆಚ್ಚು. ನುಡಿಸುವವರು ತಮ್ಮ ಕೈಗೆ ತಕ್ಕಂತೆ ಆ ಅಳತೆಗಳನ್ನು ಹೇಳಿ ಮಾಡಿಸಿಕೊಂಡದ್ದೇ ‘ಕಸ್ಟಮ್ ಗಿಟಾರ್’.

ಮಾತು ಶುರುವಾಗುವುದು ಸಾಮಾನ್ಯವಾಗಿ ಮರದಿಂದ. ಅದರಲ್ಲಿ ಕರ್ನಾಟಕಕ್ಕೂ ಪಾಲಿದೆ. ನಮ್ಮ ಪಶ್ಚಿಮ ಘಟ್ಟದ ಬೀಟೆಯೇ ಜಗತ್ತು ‘ಇಂಡಿಯನ್ ರೋಸ್‌ವುಡ್’ ಎನ್ನುವ ಮರ. ಬ್ರೆಜಿಲ್‌ನ ರೋಸ್‌ವುಡ್ ದಿಮ್ಮಿ ಸಿಗದಂತಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬೀಟೆಗೆ ಹೊರಳಿತು. 2017ರಲ್ಲಿ, ಅಪಾಯದಲ್ಲಿರುವ ಜೀವಿ, ಗಿಡಮರಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಿತ್ತು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಇಷ್ಟು ಬೇಡಿಕೆಯ ಮರ ದನಿಯನ್ನು ಎಷ್ಟು ಬದಲಿಸುತ್ತದೆ? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು, ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆಯಾಗಿದ್ದ ಆರು ಅಕೂಸ್ಟಿಕ್ ಗಿಟಾರ್‌ಗಳನ್ನು 52 ವಾದಕರಿಗೆ ಕೊಟ್ಟರು. ಮರ ಕಾಣದಿರಲೆಂದು ಮಂದ ಬೆಳಕಿನಲ್ಲಿ ವೆಲ್ಡಿಂಗ್ ಕನ್ನಡಕ ಹಾಕಿಸಿ ನುಡಿಸಲು ಹೇಳಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಬಂದ ಅಂಕ ಹೆಚ್ಚುಕಡಿಮೆ ಒಂದೇ. ದನಿಯ ಹೆಚ್ಚಿನ ಹೊಣೆ ಮುಂಭಾಗದ ತೆಳು ಹಲಗೆಯದು ಮತ್ತು ಅದರ ಒಳಗೆ ಅಂಟಿಸಿದ ಪಟ್ಟಿಗಳದು.

ಕೈಗೆ ಕೂಡಲೇ ತಿಳಿಯುವುದು ಅಳತೆಯ ವ್ಯತ್ಯಾಸ.

ಎಲೆಕ್ಟ್ರಿಕ್ ಗಿಟಾರ್‌ಗಳ ಪೈಕಿ ಫೆಂಡರ್ ಸ್ಟ್ರಾಟೊಕಾಸ್ಟರ್‌ನಲ್ಲಿ ಮಿಡಿಯುವ ತಂತಿಯ ಉದ್ದ 648 ಮಿ.ಮೀ., ಗಿಬ್ಸನ್ ಲೆಸ್ ಪಾಲ್‌ನಲ್ಲಿ ಸುಮಾರು 628. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ತಂದರೆ ಉದ್ದನೆಯದರಲ್ಲಿ ಬಿಗಿತ ಶೇ 6ರಷ್ಟು ಹೆಚ್ಚು. ತಂತಿ ಎಳೆಯಲು ಬೆರಳಿಗೆ ಹೆಚ್ಚು ಬಲ ಬೇಕು. ತಂತಿ ತಗ್ಗಿನಲ್ಲಿದ್ದರೆ ಒತ್ತುವುದು ಸಲೀಸು, ತೀರಾ ತಗ್ಗಿದರೆ ಮೆಟ್ಟಿಲಿಗೆ, ಅಂದರೆ ಫ್ರೆಟ್‌ಗೆ, ಬಡಿದು ಗರಗರ ಸದ್ದು. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಯ ಕಂಪನ ಹಿಡಿಯುವ ಪಿಕಪ್, ತಂತಿ ಕೂರುವ ಬ್ರಿಡ್ಜ್ ಕಡೆಗಿದ್ದರೆ ದನಿ ಹರಿತ, ನೆಕ್ ಕಡೆಗಿದ್ದರೆ ದುಂಡು.

ಗಮಕ ಬೇಕೆನ್ನುವವರಿಗೂ ದಾರಿಯಿದೆ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರದಲ್ಲಿ ಕೂತಿರುವುದರಿಂದ ಬೆರಳಿನಡಿ ಮರ ತಾಗುವುದಿಲ್ಲ, ತಂತಿ ಧಾರಾಳವಾಗಿ ಎಳೆಯಬಹುದು. ಇದೇ ಅನುಕೂಲಕ್ಕಾಗಿ, 1970ರ ದಶಕದ ‘ಶಕ್ತಿ’ ಸಂಗೀತ ತಂಡದಲ್ಲಿ ಜಾನ್ ಮೆಕ್‌ಲಾಫ್ಲಿನ್ ನುಡಿಸಿದ ಗಿಟಾರ್‌ನಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ಕೆತ್ತಿ ತಗ್ಗು ಮಾಡಲಾಗಿತ್ತು. ಅದನ್ನು ಮಾಡಿಕೊಟ್ಟವರು ಅಬ್ರಹಾಂ ವೆಕ್ಟರ್. ಅನುರಣನಕ್ಕೆಂದು ಏಳು ತಂತಿಗಳನ್ನು ಬೇರೆಯೇ ಕೂಡಿಸಿದರು.

ಗಿಟಾರ್ ಮಾಡಿಸಲು ಹೊರಟವರು ಮರದ ಹೆಸರಿಗೆ ಮುಂಗಡ ಕೊಡುವ ಮುನ್ನ ಬೇರೆ ಬೇರೆ ಅಳತೆಯ ಗಿಟಾರ್‌ಗಳನ್ನು ನುಡಿಸಿ ನೋಡಬೇಕು. ಯಾವ ಉದ್ದ, ಎಷ್ಟು ದಪ್ಪದ ನೆಕ್, ಎಷ್ಟು ಎತ್ತರದ ತಂತಿ ತಮ್ಮ ಕೈಗೆ ಒಗ್ಗುತ್ತದೆ ಎಂಬುದನ್ನು ಬರೆದಿಟ್ಟುಕೊಂಡು, ಅದನ್ನೇ ಮೊದಲು ತಯಾರಕರ ಮುಂದಿಡಬೇಕು.