ಹಳೆಯ ಟೋಪಿ: ಮೊದಲು ಗುರುತಿಸಿ, ಆಮೇಲೆ ಸರಿಪಡಿಸಿ



ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ತಾತನ ಕಾಲದ ಹ್ಯಾಟೊಂದು ನಿಮಗೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಮೇಲೆಲ್ಲ ಧೂಳು, ಅಂಚು ಸೊಟ್ಟ, ಒಳಗೆ ಬೆವರಿನ ಕಲೆ. ನೀವು ಮೊದಲು ಏನು ಮಾಡುತ್ತೀರಿ? ಒದ್ದೆ ಬಟ್ಟೆಯಿಂದ ಒರೆಸಬಹುದು, ಇಲ್ಲವೇ ಕುದಿಯುವ ನೀರಿನ ಹಬೆ ಹಿಡಿದು ಅಂಚನ್ನು ನೆಟ್ಟಗೆ ಮಾಡಲು ಹೊರಡಬಹುದು. ದಯವಿಟ್ಟು ಸ್ವಲ್ಪ ತಾಳಿ. ಒಂದು ಬಗೆಯ ಟೋಪಿಗೆ ನೀರು ತಾಗಿದರೆ ಟೋಪಿಯೇ ಹಾಳಾಗುತ್ತದೆ. ಇನ್ನೊಂದು ಬಗೆಯ ಟೋಪಿಗೆ ಹಬೆ ಹಿಡಿದರೆ, ಹಿಡಿದವರ ಆರೋಗ್ಯಕ್ಕೇ ಅಪಾಯ. ಆದ್ದರಿಂದ ಹಳೆಯ ಟೋಪಿಗಳನ್ನು ಸಂಗ್ರಹಿಸುವವರು ಮೊದಲು ಕಲಿಯಬೇಕಾದದ್ದು ಕೈಯಲ್ಲಿರುವುದು ಯಾವ ಟೋಪಿ ಎಂದು ಗುರುತಿಸುವುದನ್ನು.

ಬೆಂಡಿನ ಟೋಪಿ

ಬ್ರಿಟಿಷರ ಕಾಲದ ಅಧಿಕಾರಿಗಳು ಬಿಸಿಲಿಗೆ ಹಾಕಿಕೊಳ್ಳುತ್ತಿದ್ದ ಗುಮ್ಮಟದಂಥ ಹ್ಯಾಟನ್ನು ಹಳೆಯ ಛಾಯಾಚಿತ್ರಗಳಲ್ಲಿ ನೋಡಿರುತ್ತೀರಿ. ಅದೇ ಸೋಲಾ ಹ್ಯಾಟು. ಇಂಗ್ಲಿಷಿನಲ್ಲಿ ಸೂರ್ಯನಿಗೆ ಸಂಬಂಧಿಸಿದ ‘ಸೋಲಾರ್’ ಪದದಿಂದ ಈ ಹೆಸರು ಬಂತೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಸೋಲಾ ಎಂಬುದು ಬಂಗಾಳ, ಅಸ್ಸಾಂ ಕಡೆಯ ಜೌಗು ನೆಲದಲ್ಲಿ ಬೆಳೆಯುವ ಗಿಡದ ಹೆಸರು. ಅದರ ಕಾಂಡದೊಳಗೆ ಬಿಳಿಯ, ಬಹಳ ಹಗುರವಾದ ಬೆಂಡು ಇರುತ್ತದೆ. ಬಂಗಾಳದಲ್ಲಿ ಮದುಮಗನ ಕಿರೀಟವನ್ನೂ ದುರ್ಗಾಪೂಜೆಯ ಅಲಂಕಾರಗಳನ್ನೂ ಮಾಡುವುದು ಇದರಿಂದಲೇ.

ಈ ಬೆಂಡನ್ನು ಪದರ ಪದರವಾಗಿ ಅಂಟಿಸಿ ಆಕಾರ ಕೊಟ್ಟು, ಮೇಲೆ ಬಟ್ಟೆ ಹೊದಿಸುತ್ತಿದ್ದರು. ನೋಡಲು ದಪ್ಪ, ಎತ್ತಿದರೆ ಹಗುರ, ಇದೇ ಗುರುತು. ನೀರು ಬಿದ್ದರೆ ಬೆಂಡು ಉಬ್ಬುತ್ತದೆ, ಅಂಟು ಬಿಡುತ್ತದೆ, ಆಕಾರ ಕೆಡುತ್ತದೆ. ಹಾಗಾಗಿ ಇದನ್ನು ತೊಳೆಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಹಬೆಯನ್ನೂ ಹಿಡಿಯಬೇಡಿ. ಮೃದುವಾದ ಒಣ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು.

ಫೆಲ್ಟ್ ಟೋಪಿ

ಕಂಬಳಿಯನ್ನು ಮಗ್ಗದಲ್ಲಿ ನೇಯುತ್ತಾರೆ. ಫೆಲ್ಟನ್ನು ನೇಯುವುದಿಲ್ಲ. ಬಿಸಿ, ತೇವ ಮತ್ತು ಒತ್ತಡ ಸೇರಿದಾಗ ಪ್ರಾಣಿಯ ರೋಮಗಳು ಒಂದಕ್ಕೊಂದು ಸಿಕ್ಕಿಕೊಂಡು ದಟ್ಟವಾದ ಹಾಳೆಯಾಗುತ್ತವೆ. ಇದೇ ಫೆಲ್ಟ್. ಅದು ಗಟ್ಟಿಯಾಗಿ ನಿಲ್ಲಲೆಂದು ಅನೇಕ ಹ್ಯಾಟುಗಳಿಗೆ ಅರಗನ್ನು ಸೇರಿಸುತ್ತಿದ್ದರು. ಅರಗು ಬಿಸಿಗೆ ಮೆದುವಾಗಿ, ಆರಿದ ಮೇಲೆ ಮತ್ತೆ ಗಟ್ಟಿಯಾಗುತ್ತದೆ. ಹಬೆ ಹಿಡಿದು ಹ್ಯಾಟಿನ ಆಕಾರ ಸರಿಪಡಿಸುವ ಪದ್ಧತಿಗೆ ಇದೂ ಒಂದು ಆಧಾರ.

ಆದರೆ ಇಲ್ಲಿ ಒಂದು ದುಃಖದ ಕಥೆಯಿದೆ. ಮೊಲದ ರೋಮಗಳು ಸುಲಭವಾಗಿ ಹೆಣೆದುಕೊಳ್ಳುವುದಿಲ್ಲ. ಅವುಗಳನ್ನು ಒರಟಾಗಿಸಲು ಯೂರೋಪ್ ಮತ್ತು ಅಮೆರಿಕದ ಕುಶಲಕರ್ಮಿಗಳು ಚರ್ಮದ ಮೇಲೆ ಪಾದರಸದ ನೈಟ್ರೇಟ್ ದ್ರಾವಣವನ್ನು ಬಳಿಯುತ್ತಿದ್ದರು. ಒಣಗಿದಾಗ ರೋಮದ ತುದಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿದ್ದುದರಿಂದ ಈ ಕೆಲಸಕ್ಕೆ ಕ್ಯಾರೆಟ್ಟಿನ ಹೆಸರೇ ಬಂತು. ಮುಂದೆ ಬಿಸಿ ಮಾಡುವಾಗಲೆಲ್ಲ ಪಾದರಸದ ಆವಿ ಕಾರ್ಖಾನೆಯಲ್ಲಿ ತುಂಬುತ್ತಿತ್ತು. ಕೆಲಸಗಾರರ ಕೈ ನಡುಗುತ್ತಿತ್ತು, ವಸಡು ಕೆಡುತ್ತಿತ್ತು, ಸ್ವಭಾವವೇ ಬದಲಾಗಿ ಅವರು ಸಂಕೋಚದವರೂ ಸಿಡುಕರೂ ಆಗುತ್ತಿದ್ದರು. ಹ್ಯಾಟುಗಳಿಗೆ ಹೆಸರಾದ ಅಮೆರಿಕದ ಡ್ಯಾನ್‌ಬರಿ ಪಟ್ಟಣದಲ್ಲಿ ಈ ರೋಗಕ್ಕೆ ‘ಡ್ಯಾನ್‌ಬರಿ ನಡುಕ’ ಎಂದೇ ಹೆಸರಿತ್ತು. ಅಮೆರಿಕದಲ್ಲಿ ಫೆಲ್ಟ್ ತಯಾರಿಕೆಗೆ ಪಾದರಸದ ಬಳಕೆ ನಿಂತದ್ದು 1941ರ ಡಿಸೆಂಬರಿನಲ್ಲಿ.

ಆ ಪಾದರಸದ ಅಂಶ ಹಳೆಯ ಟೋಪಿಗಳಲ್ಲಿ ಇಂದಿಗೂ ಉಳಿದಿರಬಹುದು. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ವಸ್ತು ಸಂಗ್ರಹಾಲಯಗಳಲ್ಲಿ ಎಕ್ಸ್-ಕಿರಣಗಳನ್ನು ಬಳಸಿ, ಟೋಪಿಗೆ ಧಕ್ಕೆಯಾಗದಂತೆ ಇದನ್ನು ಪತ್ತೆ ಹಚ್ಚುತ್ತಾರೆ. ನಮಗೆ ಆ ಸೌಲಭ್ಯವಿಲ್ಲ. ಆದ್ದರಿಂದ ವಯಸ್ಸು ತಿಳಿಯದ ಫೆಲ್ಟ್ ಟೋಪಿಯಲ್ಲಿ ಪಾದರಸ ಇದೆಯೆಂದೇ ಭಾವಿಸಿ ನಡೆದುಕೊಳ್ಳಿ. ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ಮುಟ್ಟಿ. ತಲೆಗೆ ಹಾಕಿಕೊಳ್ಳಬೇಡಿ. ಹಬೆ ಹಿಡಿಯಬೇಡಿ, ಬಿಸಿಲಿಗೂ ಇಡಬೇಡಿ. ಬಿಸಿ ತಾಗಿದರೆ ಆವಿ ಹೆಚ್ಚು ಹೊರಡುತ್ತದೆ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಹಬೆಯಿಂದ ಆಕಾರ ಕೊಡುವುದನ್ನು ಕಲಿಯುವ ಆಸೆಯಿದ್ದರೆ, ಈಚೆಗೆ ಅಂಗಡಿಯಲ್ಲಿ ಕೊಂಡ ಹ್ಯಾಟಿನ ಮೇಲೆ ಕಲಿಯಿರಿ.

ವಯಸ್ಸು ತಿಳಿಯುವುದು ಹೇಗೆ?

ಟೋಪಿಯನ್ನು ತಿರುಗಿಸಿ ಒಳಗೆ ನೋಡಿ. ಹಣೆಗೆ ತಾಗುವ ಚರ್ಮದ ಪಟ್ಟಿಯ ಮೇಲೆ ತಯಾರಕರ ಮುದ್ರೆ, ಅದರ ಹಿಂದೆ ಅಳತೆಯ ಚೀಟಿ ಇರಬಹುದು. ಸುಮಾರು 56 ಸೆಂಟಿಮೀಟರ್ ಸುತ್ತಳತೆಯ ತಲೆಗೆ ಅಮೆರಿಕದ ಅಳತೆ 7, ಇಂಗ್ಲೆಂಡಿನದು ಆರು ಮುಕ್ಕಾಲೂ ಅರೆಪಾವು, ಅಂದರೆ 6⅞. ಟೇಪು ಹಿಡಿದು ಒಳಸುತ್ತನ್ನು ಅಳೆದು ಚೀಟಿಗೆ ಹೋಲಿಸಿದರೆ, ಅದು ಯಾವ ದೇಶದ ಅಳತೆ ಎಂದು ಊಹಿಸಬಹುದು.

ನಮ್ಮ ದೇಶದಲ್ಲಿ ಮಾರಾಟವಾದದ್ದಾದರೆ ಇನ್ನೂ ಒಳ್ಳೆಯ ಸುಳಿವುಗಳಿವೆ. ಚೀಟಿಯಲ್ಲೋ ಡಬ್ಬಿಯ ಮೇಲೋ ಬೆಲೆ ಆಣೆಗಳಲ್ಲಿದ್ದರೆ ಅದು 1957ಕ್ಕಿಂತ ಹಿಂದಿನದಿರಬೇಕು. ದಶಮಾಂಶ ನಾಣ್ಯ ಬಂದದ್ದು ಆ ವರ್ಷ. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ಅಂಗಡಿಯ ವಿಳಾಸದಲ್ಲಿ ಆರು ಅಂಕಿಗಳ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಆದರೆ ಪಿನ್ ಕೋಡ್ ಇಲ್ಲ ಎಂಬ ಮಾತ್ರಕ್ಕೆ ಟೋಪಿ ಹಳೆಯದಾಗಿಬಿಡುವುದಿಲ್ಲ. ಹಳೆಯ ಡಬ್ಬಿಯಲ್ಲಿ ಹೊಸ ಟೋಪಿಯೂ ಇರಬಹುದು. ಒಂದೇ ಸುಳಿವನ್ನು ನಂಬದೆ ಎರಡು ಮೂರನ್ನು ಹೊಂದಿಸಿ ನೋಡಿ. ಚೊಕ್ಕಟ ಮಾಡುವ ಉತ್ಸಾಹದಲ್ಲಿ ಹರಿದ ಚೀಟಿಯನ್ನು ಕಿತ್ತೆಸೆದರೆ ಟೋಪಿಯ ಜಾತಕವನ್ನೇ ಎಸೆದಂತೆ.

ಕಾಪಾಡುವ ಬಗೆ

ಫೆಲ್ಟ್ ಟೋಪಿಯನ್ನು ರೋಮ ಒರಗಿದ ದಿಕ್ಕಿನಲ್ಲೇ ಮೆಲ್ಲಗೆ ಬ್ರಷ್ ಮಾಡಿ. ಅಂಚಿನ ಮೇಲೆ ಭಾರ ಬೀಳದಂತೆ, ನೆತ್ತಿ ಕೆಳಗಾಗಿ ಇಡಿ. ಒಳಗೆ ಸುದ್ದಿಪತ್ರಿಕೆ ತುರುಕಬೇಡಿ. ಅದರ ಆಮ್ಲವೂ ಮಸಿಯೂ ಬಟ್ಟೆಗೆ ಹತ್ತುತ್ತವೆ. ಆಮ್ಲರಹಿತ ತೆಳು ಕಾಗದ ಒಳ್ಳೆಯದು. ಮಳೆಗಾಲದಲ್ಲಿ ಬೂಷ್ಟು ಬಂದಿದೆಯೇ, ಹುಳು ಹಿಡಿದಿದೆಯೇ ಎಂದು ಆಗಾಗ ನೋಡಿ. ಹುಳು ಕಂಡರೆ ಆ ಟೋಪಿಯನ್ನು ಪಾಲಿಥಿನ್ ಚೀಲದಲ್ಲಿ ಕಟ್ಟಿ ಬೇರೆಯಾಗಿಡಿ.

ಕೊನೆಯದಾಗಿ, ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ಪ್ರತಿ ಟೋಪಿಗೂ ಒಂದು ಪುಟ. ಅಳತೆ, ಚೀಟಿಯಲ್ಲಿರುವ ಅಕ್ಷರ, ಕಲೆ, ಹರಕು ಎಲ್ಲವನ್ನೂ ಬರೆಯಿರಿ. ಬ್ರಷ್ ಮುಟ್ಟಿಸುವ ಮೊದಲೇ ಒಂದು ಫೋಟೋ ತೆಗೆಯಿರಿ. ಅದನ್ನು ಹಾಕಿಕೊಂಡಿದ್ದವರು ಯಾರು, ಯಾವ ಕೆಲಸದಲ್ಲಿದ್ದರು ಎಂದು ಅಜ್ಜಿಯನ್ನೋ ದೊಡ್ಡಪ್ಪನನ್ನೋ ಇಂದೇ ಕೇಳಿ ಬರೆದುಕೊಳ್ಳಿ. ಟೋಪಿಯ ಸೊಟ್ಟ ಅಂಚನ್ನು ಮುಂದೆ ಬಲ್ಲವರು ಯಾರಾದರೂ ಸರಿಮಾಡಿಯಾರು. ಹಿರಿಯರ ನೆನಪಿನಲ್ಲಿರುವ ಸಂಗತಿ ಅವರೊಡನೆ ಹೋದರೆ ಮತ್ತೆ ಸಿಗುವುದಿಲ್ಲ.