ಫ್ಯಾಮಿಲಿ ಕೋರ್ಟ್ ತಾರೀಖಿಗೆ ಮುಂಚೆ ಫೈಲ್ ಹೇಗೆ ರೆಡಿ ಮಾಡ್ಬೇಕು? ಗಡಿ ತಾಲೂಕುಗಳವರು ಕೇಳಲೇಬೇಕಾದ ಮಾಹಿತಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ವಿಶೇಷವಾಗಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಕೇಳುಗರಿಗೆ. ವಿಚ್ಛೇದನ, ಜೀವನಾಂಶ ಅಥವಾ ಮಕ್ಕಳ ಪಾಲನೆಯ ಕೇಸ್ ಇದ್ರೆ, ಕೋರ್ಟಿಗೆ ಹೋಗೋ ಮುಂಚೆ ಯಾವ ಕಾಗದ ಕೈಯಲ್ಲಿ ಇರಬೇಕು?

"ಅದು ವಕೀಲರ ಕೆಲಸ ಅಲ್ವಾ?" ಅಂತ ನೀವು ಕೇಳ್ಬಹುದು. ಅರ್ಜಿ ಬರೆಯೋದು ವಕೀಲರ ಕೆಲಸ, ನಿಜ. ಆದ್ರೆ ಗಂಡನ ಪಗಾರ ಸ್ಲಿಪ್, ಹೊಲದ ಉತಾರ, ಮಗುವಿನ ಶಾಲೆ ಫೀ ರಸೀದಿ ವಕೀಲರ ಹತ್ತಿರ ಇರಲ್ಲ. ಅವು ಮನೆಯ ಟ್ರಂಕಿನಲ್ಲಿರುತ್ತವೆ, ಇಲ್ಲವೇ ಬಿಟ್ಟು ಬಂದ ಮನೆಯಲ್ಲಿ. ಗಡಿ ಭಾಗದಲ್ಲಿ ಎಷ್ಟೋ ಸಲ ಅವು ಇನ್ನೊಂದು ರಾಜ್ಯದಲ್ಲೇ ಇರುತ್ತವೆ. ನ್ಯಾಯಾಧೀಶರಿಗೆ ನಿಮ್ಮ ಮನೆ ಕಾಣಲ್ಲ, ಫೈಲ್ ಮಾತ್ರ ಕಾಣುತ್ತೆ.

ಮೊದಲ ಪ್ರಶ್ನೆ: ಯಾವ ಕೋರ್ಟ್?

ಕುಟುಂಬ ನ್ಯಾಯಾಲಯಗಳು ಬಂದಿದ್ದು 1984ರ ಕಾಯ್ದೆಯಿಂದ. ಅಂಥ ಕೋರ್ಟಿನ ವ್ಯಾಪ್ತಿಯಲ್ಲಿ ನಿಮ್ಮ ಊರು ಬಂದ್ರೆ ಈ ಕೇಸುಗಳೆಲ್ಲ ಅಲ್ಲೇ ನಡೆಯುತ್ತವೆ. ಬರದಿದ್ರೆ ವಿಚ್ಛೇದನದ ಅರ್ಜಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ, ಜೀವನಾಂಶದ ಅರ್ಜಿ ಜೆಎಂಎಫ್‌ಸಿ ಕೋರ್ಟಿನಲ್ಲಿ. ನಿಮ್ಮ ತಾಲೂಕಿಗೆ ಯಾವುದು ಅನ್ನೋದನ್ನ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ ಖಚಿತ ಮಾಡ್ಕೊಳ್ಳಿ.

ಈಗ ಗಡಿಯ ಸಮಸ್ಯೆಗೆ ಬರೋಣ. ನಿಪ್ಪಾಣಿಯ ಹುಡುಗಿಯನ್ನ ಕಾಗಲ್‌ಗೆ ಕೊಟ್ಟಿದ್ದಾರೆ, ಜಗಳ ಆಗಿ ಅವಳು ತವರಿಗೆ ಬಂದಿದ್ದಾಳೆ ಅಂದ್ಕೊಳ್ಳಿ. ಅವಳು ಕೇಸ್ ಹಾಕೋಕೆ ಮಹಾರಾಷ್ಟ್ರಕ್ಕೇ ಹೋಗ್ಬೇಕಾ? ಬೇಕಿಲ್ಲ. ಹಿಂದೂ ವಿವಾಹ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಅರ್ಜಿ ಹಾಕುವವಳು ಹೆಂಡತಿ ಆದ್ರೆ ತಾನು ಈಗ ವಾಸ ಇರುವ ಊರಿನ ಕೋರ್ಟಿನಲ್ಲೇ ಹಾಕಬಹುದು. ಜೈನರಿಗೂ ಇದೇ ಕಾಯ್ದೆ. ಜೀವನಾಂಶಕ್ಕೂ ಅಷ್ಟೇ, ಹೆಂಡತಿ ವಾಸ ಇರುವ ಕಡೆ ಅರ್ಜಿ ಹಾಕಬಹುದು. ಮಗುವಿನ ಪಾಲನೆಗೆ ಮಗು ಸಾಮಾನ್ಯವಾಗಿ ಎಲ್ಲಿ ವಾಸ ಇದೆ ಅನ್ನೋದು ಮುಖ್ಯ. ಹಾಗಾಗಿ ವಾಸಸ್ಥಳದ ದಾಖಲೆ ಫೈಲಿನ ಮೊದಲ ಕಾಗದ: ಆಧಾರ್, ಪಡಿತರ ಚೀಟಿ, ಮಗು ಇಲ್ಲಿನ ಶಾಲೆಯಲ್ಲಿ ಓದ್ತಿದ್ರೆ ವ್ಯಾಸಂಗ ಪ್ರಮಾಣಪತ್ರ.

ಗಂಡ ಮೊದಲೇ ಕೊಲ್ಲಾಪುರದಲ್ಲಿ ಕೇಸ್ ಹಾಕಿದ್ರೆ? ಒಂದು ರಾಜ್ಯದ ಕೋರ್ಟಿನಿಂದ ಇನ್ನೊಂದು ರಾಜ್ಯಕ್ಕೆ ಕೇಸ್ ವರ್ಗಾಯಿಸೋ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ. ಅದಕ್ಕೇ ಅಲ್ಲಿಂದ ನೋಟಿಸ್ ಬಂದ್ರೆ ಮಡಚಿ ಇಟ್ಟುಬಿಡಬೇಡಿ, ಅದೇ ವಾರ ವಕೀಲರಿಗೆ ತೋರಿಸಿ. ನೀವು ಹೋಗದಿದ್ರೆ ಏಕಪಕ್ಷೀಯ ಆದೇಶ ಆಗಬಹುದು. ಜೀವನಾಂಶದ ಕೇಸಿನಲ್ಲಿ ಅಂಥ ಆದೇಶ ರದ್ದು ಮಾಡಿಸೋಕೆ 3 ತಿಂಗಳೊಳಗೆ, ಸರಿಯಾದ ಕಾರಣ ತೋರಿಸಿ, ಅರ್ಜಿ ಹಾಕ್ಬೇಕು.

ಮದುವೆ ಆಗಿದೆ ಅನ್ನೋದಕ್ಕೆ ಏನು ತೋರಿಸ್ಬೇಕು?

ನೋಂದಣಿ ಪತ್ರ ಇದ್ರೆ ಒಳ್ಳೇದು. ಇಲ್ಲದಿದ್ರೆ ಗಾಬರಿ ಬೇಡ, ನೋಂದಣಿ ಆಗಿಲ್ಲ ಅಂದ ಮಾತ್ರಕ್ಕೆ ಹಿಂದೂ ಮದುವೆ ಅಸಿಂಧು ಆಗಲ್ಲ. ಲಗ್ನಪತ್ರಿಕೆ, ಫೋಟೊ, ಮಂಗಲ ಕಾರ್ಯಾಲಯದ ರಸೀದಿ, ಮಗುವಿನ ಜನನ ಪ್ರಮಾಣಪತ್ರ ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಮುಸ್ಲಿಂ ಮದುವೆ ಆಗಿದ್ರೆ ನಿಕಾಹ್‌ನಾಮಾ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕು ಹೆಸರಿನದ್ದು. ಮದುವೆಯಲ್ಲಿ ಸೊಸೆಯ ಹೆಸರು ಬದಲಿಸೋ ಪದ್ಧತಿ ಹಲವು ಮನೆಗಳಲ್ಲಿದೆ. ಶಾಲೆ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು ಸೇರಿ ಇನ್ನೊಂದು. ಇಬ್ಬರೂ ಒಬ್ಬರೇ ಅಂತ ಹೇಳುವ ಒಂದು ಅಫಿಡವಿಟ್ ಮೊದಲೇ ಮಾಡಿಸಿಟ್ಟರೆ ಮುಂದೆ ಪಾಟೀಸವಾಲಿನಲ್ಲಿ ತಡವರಿಸೋದು ತಪ್ಪುತ್ತೆ. ಮರಾಠಿ ದಾಖಲೆಗಳಿದ್ರೆ ಜೊತೆಗೆ ಕನ್ನಡ ಅಥವಾ ಇಂಗ್ಲಿಷ್ ಭಾಷಾಂತರವೂ ಇರಲಿ.

ಅತಿ ಮುಖ್ಯ ಕಾಗದ: ಆಸ್ತಿ ಮತ್ತು ಸಾಲದ ಅಫಿಡವಿಟ್

ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ. 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಬದಲಾವಣೆ ತಂತು. ಜೀವನಾಂಶದ ಕೇಸಿನಲ್ಲಿ ಗಂಡ, ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು. ಎದುರು ಪಕ್ಷಕ್ಕೆ ಅಫಿಡವಿಟ್ ಕೊಡೋಕೆ 4 ವಾರ. ಸುಳ್ಳು ಬರೆದ್ರೆ ಕ್ರಮ ಆಗಬಹುದು. ಜೀವನಾಂಶ ಲೆಕ್ಕ ಹಾಕೋದು ಅರ್ಜಿ ಸಲ್ಲಿಸಿದ ದಿನದಿಂದ ಅಂತಲೂ ಅದೇ ತೀರ್ಪು ಹೇಳಿದೆ. ಅಂದ್ರೆ ಅರ್ಜಿ ಒಂದು ತಿಂಗಳು ತಡವಾದ್ರೆ ಒಂದು ತಿಂಗಳ ದುಡ್ಡು ಹೋಯ್ತು.

"ಅವನು ಹೊಲ ಮಾಡ್ತಾನೆ, ಪಗಾರ ಸ್ಲಿಪ್ ಎಲ್ಲಿಂದ ತರೋಣ?" ನಮ್ಮ ಕಡೆ ಎಲ್ಲರೂ ಕೇಳೋ ಪ್ರಶ್ನೆ. ಆ ತೀರ್ಪಿನಲ್ಲೇ ಕೃಷಿಕರಿಗೆ ಬೇರೆ ನಮೂನೆ ಇದೆ. ಜಮೀನು ಎಷ್ಟು, ಎಲ್ಲಿದೆ, ನೀರಾವರಿಯೋ ಒಣಬೇಸಾಯವೋ, ಏನು ಬೆಳೆ, ಕಳೆದ 3 ವರ್ಷದ ಆದಾಯ ಎಷ್ಟು, ದನ-ಎಮ್ಮೆ ಎಷ್ಟು, ಜಮೀನಿನ ಮೇಲೆ ಸಾಲ ಎಷ್ಟು ಅಂತೆಲ್ಲ ಅದರಲ್ಲಿ ಬರೀಬೇಕು.

ಹಾಗಾದ್ರೆ ದಾಖಲೆ ಎಲ್ಲಿ ಸಿಗುತ್ತೆ? ಕರ್ನಾಟಕದ ಜಮೀನಿಗೆ ಪಹಣಿ, ಭೂಮಿ ವೆಬ್‌ಸೈಟಿನಲ್ಲೇ ನೋಡಬಹುದು. ಗಡಿಯಾಚೆ ಜಮೀನಿದ್ರೆ ಮಹಾರಾಷ್ಟ್ರದ ಸಾತ್-ಬಾರಾ ಉತಾರ, ಅದೂ ಆನ್‌ಲೈನಿನಲ್ಲಿ ಸಿಗುತ್ತೆ. ಎರಡೂ ಕಡೆ ನೋಡಿ, ಒಂದೇ ಕಡೆ ನೋಡಿದ್ರೆ ಅರ್ಧ ಆಸ್ತಿ ಫೈಲಿಗೆ ಬರಲ್ಲ. ಕಬ್ಬು ಹಾಕಿದ್ರೆ ಕಾರ್ಖಾನೆಯ ತೂಕದ ಚೀಟಿ, ಬಿಲ್. ಹಾಲು ಹಾಕ್ತಿದ್ರೆ ಡೇರಿ ಪುಸ್ತಕ. ನಿಪ್ಪಾಣಿಯಲ್ಲಿ ಬೀಡಿ ಕೆಲಸ ಮಾಡೋರಾದ್ರೆ ಕಾರ್ಮಿಕರ ಗುರುತಿನ ಚೀಟಿ, ಪಿಎಫ್ ದಾಖಲೆ.

ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಬಂದವರ ಹತ್ತಿರ ಇದ್ಯಾವುದೂ ಇರಲ್ಲ. ಅಂಥವರು ಅರ್ಜಿ ಹಾಕೋದನ್ನ ಮುಂದೂಡಬೇಡಿ. ಗೊತ್ತಿರೋ ವಿವರ ಬರೆದುಕೊಡಿ: ಯಾವ ಬ್ಯಾಂಕ್, ಯಾವ ಕಾರ್ಖಾನೆ, ಯಾವ ಊರಲ್ಲಿ ಜಮೀನು. ದಾಖಲೆ ಹಾಜರುಪಡಿಸಿ ಅಂತ ಎದುರು ಪಕ್ಷಕ್ಕೆ ಕೋರ್ಟ್ ಹೇಳಬಹುದು. ಮಧ್ಯಂತರ ಜೀವನಾಂಶದ ಅರ್ಜಿಯನ್ನ ನೋಟಿಸ್ ಜಾರಿಯಾದ 60 ದಿನದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ, ಇತ್ಯರ್ಥ ಮಾಡ್ಬೇಕು ಅಂತ ಕಾನೂನೇ ಹೇಳುತ್ತೆ. ಹಳೆಯ 125ನೇ ಸೆಕ್ಷನ್ ಬದಲು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಜಾರಿಯಲ್ಲಿದೆ.

ವಾಟ್ಸ್ಆ್ಯಪ್ ಚಾಟ್, ಕಾಲ್ ರೆಕಾರ್ಡಿಂಗ್ ನಡೆಯುತ್ತಾ?

ನಡೆಯಬಹುದು. ಗಂಡ-ಹೆಂಡತಿ ನಡುವಿನ ಮಾತನ್ನ ಗುಟ್ಟಾಗಿ ರೆಕಾರ್ಡ್ ಮಾಡಿದ್ರೂ ಅದನ್ನ ಸಾಕ್ಷ್ಯವಾಗಿ ಪರಿಗಣಿಸಬಹುದು ಅಂತ 2025ರ ಜುಲೈ 14ರಂದು ವಿಭೋರ್ ಗರ್ಗ್ ವಿರುದ್ಧ ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ರೆ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಪಿನ್ ಹೊಡೆದ್ರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎರಡು ಭಾಗದ ಪ್ರಮಾಣಪತ್ರ ಬೇಕು: ಒಂದು ನೀವು ಕೊಡೋದು, ಇನ್ನೊಂದು ತಜ್ಞರದ್ದು. ಹಾಗಾಗಿ ಚಾಟ್ ಡಿಲೀಟ್ ಮಾಡಬೇಡಿ, ಆಡಿಯೊ ಕತ್ತರಿಸಬೇಡಿ, ಆ ಫೋನ್ ಮಾರಬೇಡಿ.

ಫೈಲ್ ಜೋಡಿಸೋದು ಹೇಗೆ?

ನಡೆದ ಘಟನೆಗಳನ್ನ ತಾರೀಖಿನ ಪ್ರಕಾರ ಒಂದೆರಡು ಪುಟದಲ್ಲಿ ಬರೀರಿ. ದಾಖಲೆಗಳನ್ನ ಅದೇ ಕ್ರಮದಲ್ಲಿಡಿ, ಪ್ರತಿ ಪುಟಕ್ಕೂ ಸಂಖ್ಯೆ ಹಾಕಿ, ಮೇಲೆ ಒಂದು ಪಟ್ಟಿ. ಕನಿಷ್ಠ 3 ಸೆಟ್ ಇರಲಿ: ಕೋರ್ಟಿಗೆ, ಎದುರು ಪಕ್ಷಕ್ಕೆ, ನಿಮಗೆ. ದಾಖಲೆಗಳನ್ನ ಅರ್ಜಿ ಜೊತೆಗೇ ಕೊಟ್ಟುಬಿಡಿ, ಆಮೇಲೆ ತಂದ್ರೆ ಕೋರ್ಟಿನ ಅನುಮತಿ ಕೇಳ್ಬೇಕಾಗುತ್ತೆ. ಬೇರೆ ಕೋರ್ಟಿನಲ್ಲಿ ಈಗಾಗಲೇ ಜೀವನಾಂಶದ ಆದೇಶ ಆಗಿದ್ರೆ ಅದನ್ನ ಮುಚ್ಚಿಡಬೇಡಿ, ಹೇಳಲೇಬೇಕು.

ಫೈಲಿಂಗ್ ಆದ್ಮೇಲೆ 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರ್ ಸಿಗುತ್ತೆ. ಅದನ್ನ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದ್ರೆ ಮುಂದಿನ ತಾರೀಖು ಫೋನಿನಲ್ಲೇ ಕಾಣುತ್ತೆ. ತಾರೀಖು ಏನಾಯ್ತು ಅಂತ ಕೇಳೋಕೆ ಒಂದು ದಿನದ ಕೂಲಿ ಬಿಟ್ಟು ಹೋಗ್ಬೇಕಿಲ್ಲ.

ವಕೀಲರ ಫೀ ಕೊಡೋಕೆ ಆಗಲ್ವಾ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೆ ಉಚಿತ ಕಾನೂನು ನೆರವು ಇದೆ, ಅವರ ಆದಾಯ ಎಷ್ಟೇ ಇರಲಿ. ಸಹಾಯವಾಣಿ 15100.

ಕೊನೆಗೊಂದು ಮಾತು. ಕುಟುಂಬ ನ್ಯಾಯಾಲಯ ಮೊದಲು ರಾಜಿಗೇ ಪ್ರಯತ್ನ ಮಾಡುತ್ತೆ, ಅದು ಅದರ ಕರ್ತವ್ಯ. ರಾಜಿ ಆಗೋದಾದ್ರೂ ಫೈಲ್ ವ್ಯರ್ಥ ಅಲ್ಲ. ಎದುರಿನವರ ಆದಾಯ ಎಷ್ಟು ಅಂತ ಗೊತ್ತಿಲ್ಲದೆ ಒಪ್ಪಿಕೊಂಡ ಮೊತ್ತಕ್ಕೂ, ಉತಾರ ಮತ್ತು ಬಿಲ್ ಮುಂದಿಟ್ಟು ಒಪ್ಪಿಕೊಂಡ ಮೊತ್ತಕ್ಕೂ ತುಂಬಾ ವ್ಯತ್ಯಾಸ ಇರುತ್ತೆ.

ಇದು ಸಾಮಾನ್ಯ ಮಾಹಿತಿ. ನಿಮ್ಮ ಕೇಸಿನ ವಿವರಕ್ಕೆ ವಕೀಲರನ್ನ ಕೇಳಿ. ಈ ಸಂಚಿಕೆ ಬೇಕಾಗಿರೋ ಅಕ್ಕನೋ ತಂಗಿಯೋ ಗೆಳೆಯನೋ ಇದ್ರೆ ಅವರಿಗೆ ಕಳಿಸಿ. ಮತ್ತೆ ಸಿಗೋಣ.