ಗೋಪಾಲಸ್ವಾಮಿ ಬೆಟ್ಟಕ್ಕೆ ಮನೆಮಂದಿಯೊಡನೆ

ಪಕ್ಕದ ಬೆಟ್ಟಕ್ಕೆ ಹೋಗಿಬರುವುದೇನು ಮಹಾಕಾರ್ಯವೆಂದು ಮಿತ್ರರು ನಗಬಹುದು. ಹೋದ ವರ್ಷದ ಶ್ರಾವಣದವರೆಗೆ ನಾನೂ ಹಾಗೆಯೇ ಭಾವಿಸಿದ್ದೆ. ಮದುವೆಯಾಗಿ ಏಳು ವರ್ಷಗಳ ಮೇಲೆ ನಮ್ಮ ಅಕ್ಕನಿಗೆ ಮಗುವಾಯಿತು. ಅದನ್ನು ಹಿಮವದ್ ಗೋಪಾಲಸ್ವಾಮಿಗೆ ತೋರಿಸಿಕೊಂಡು ಬರುವೆನೆಂದು ಅಜ್ಜಿ ಹರಕೆ ಹೊತ್ತಿದ್ದಳು. ಸಂತಾನಕ್ಕಾಗಿ ಆ ಕೊಳಲಿನ ಕೃಷ್ಣನನ್ನು ಬೇಡಿಕೊಳ್ಳುವುದು ನಮ್ಮ ಸೀಮೆಯ ಹಳೆಯ ರೂಢಿ. ಕಾಲೇಜು ಓದುವವನೆಂದು ಏರ್ಪಾಡಿನ ಭಾರವೆಲ್ಲ ನನ್ನ ಮೇಲೆ ಬಿತ್ತು.

ಶ್ರಾವಣ ಶನಿವಾರವೇ ಪ್ರಶಸ್ತವೆಂದು ನಾನು ನಿಶ್ಚಯಿಸಿದೆ. ಊರಿಗೆಲ್ಲ ಅದೇ ಯೋಚನೆ ಬಂದಿರಬಹುದೆಂದು ಹೊಳೆಯಲಿಲ್ಲ! ಮಧ್ಯಾಹ್ನದ ಊಟ ಮುಗಿಸಿ ಚಾಮರಾಜನಗರದಿಂದ ಕಾರಿನಲ್ಲಿ ಹೊರಟೆವು. ತೆರಕಣಾಂಬಿ, ಗುಂಡ್ಲುಪೇಟೆಗಳನ್ನು ದಾಟಿ, ಊಟಿ ರಸ್ತೆಯ ಹಂಗಳದಲ್ಲಿ ಬಲಕ್ಕೆ ತಿರುಗಿದೆವು. ಚೆಂಡುಹೂವಿನ ಹೊಲಗಳಲ್ಲಿ ಫೋಟೋ ತೆಗೆಯುತ್ತ ಒಂದು ಗಂಟೆ ಕಳೆಯಿತು. ಬೆಟ್ಟದ ಬುಡ ಮುಟ್ಟಿದಾಗ ಮೇಲಕ್ಕೆ ಹೋಗುವ ಕೊನೆಯ ಬಸ್ಸು ಹೊರಟುಹೋಗಿತ್ತು. ಅಜ್ಜಿ ಮಂಜು ಕವಿದ ಬೆಟ್ಟಕ್ಕೆ ಕೆಳಗಿನಿಂದಲೇ ಕೈಮುಗಿದು, "ಬುಡು ಮಗ, ಬೆಟ್ಟ ಎಲ್ಲಿಗೋದದು?" ಎಂದಳು. ಬೆಟ್ಟ ಎಲ್ಲಿಗೂ ಹೋಗದು, ನಿಜ. ಆದರೆ ಅವಳಿಗೆ ಎಂಬತ್ತೊಂದು ವರ್ಷ.

ಈ ಬೆಟ್ಟಕ್ಕೆ ಅದರದೇ ಗಡಿಯಾರವಿದೆ. ಅದು ಆನೆಗಳ ಗಡಿಯಾರ. ಸುಮಾರು 1,454 ಮೀಟರ್ ಎತ್ತರದ ಈ ಶಿಖರ ಬಂಡೀಪುರದ ಕಾಡಿಗೆ ಸೇರಿದ್ದು. ಮೈಸೂರು ಮಹಾರಾಜರು ಇಲ್ಲಿ ಸ್ಥಾಪಿಸಿದ ವನ್ಯಧಾಮಕ್ಕೆ ವೇಣುಗೋಪಾಲನ ಹೆಸರನ್ನೇ ಇಟ್ಟಿದ್ದರು. 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ಆದಕಾರಣ ಸ್ವಂತ ವಾಹನಗಳು ಬುಡದಲ್ಲೇ ನಿಲ್ಲಬೇಕು. ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸೇ ಗತಿ. ರಾತ್ರಿ ತಂಗುವಂತಿಲ್ಲ. ಹಾಗಾಗಿ ಇಲ್ಲಿಯ ಪ್ರವಾಸವನ್ನು ಹಿಂತಿರುಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿಕೊಂಡು ಗೊತ್ತುಮಾಡಬೇಕು. ನಾನು ಮನೆಯ ಊಟದಿಂದ ಮುಂದಕ್ಕೆ ಎಣಿಸಿದ್ದೆ.

ಎರಡನೆಯ ಸಲ ಬುಧವಾರವನ್ನು ಆರಿಸಿದೆ. ಬೇಸಿಗೆಯವರೆಗೆ ಕಾಯೋಣವೆಂದು ಭಾವ ಹೇಳಿದರು, ನಾನು ಒಪ್ಪಲಿಲ್ಲ. ಆಗ ಕಾಡೆಲ್ಲ ಒಣಗಿ ಕಿಚ್ಚಿನ ಭಯವಿರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದನ್ನು ಯಾರು ಮರೆತಾರು? ಬೆಳಗಿನ ಆರಕ್ಕೆ ಬುತ್ತಿ ಕಟ್ಟಿಕೊಂಡು ಹೊರಟೆವು. ಪ್ಲಾಸ್ಟಿಕ್ಕಿನ ಚೀಲಗಳನ್ನು ಅಮ್ಮ ಮನೆಯಲ್ಲೇ ಬಿಡಿಸಿದಳು. ಮಗುವಿಗೆ ಉಣ್ಣೆಯ ಕುಲಾವಿ, ಅಜ್ಜಿಗೆ ಶಾಲು. ಕೆಳಗೆ ಬಿಸಿಲಿದ್ದರೂ ಮೇಲೆ ಚಳಿ ಕೊರೆಯುತ್ತದೆ. ಬಸ್ಸಿನಲ್ಲಿ ಮುಂದಿನ ಆಸನ ಸಿಕ್ಕಿತು. ತಿರುವುಗಳಲ್ಲಿ ಅಜ್ಜಿಗೆ ತಲೆಸುತ್ತಲಿಲ್ಲ.

ಬಸ್ಸಿಳಿದ ಮೇಲೆ ಮೆಟ್ಟಿಲುಗಳಿವೆ. ಮಂಡಿನೋವಿನವರಿದ್ದರೆ ಇದಕ್ಕೆಂದೇ ಅರ್ಧ ಗಂಟೆಯನ್ನು ಎತ್ತಿಡಬೇಕು. ಅಜ್ಜಿ ಮೂರು ಕಡೆ ಕುಳಿತಳು. ಒಮ್ಮೆ ಮಂಜು ಸರಿದು ಹಸುರು ಗುಡ್ಡಗಳು ಕಂಡವು. ಅವಳು ಅತ್ತ ನೋಡಲಿಲ್ಲ, ಮೆಟ್ಟಿಲನ್ನೇ ಎಣಿಸುತ್ತಿದ್ದಳು.

ದೇಗುಲವು ಕ್ರಿ.ಶ. 1315ರ ಸುಮಾರಿನದು, ಹೊಯ್ಸಳ ಬಲ್ಲಾಳನ ಕಾಲದ್ದು ಎನ್ನುತ್ತಾರೆ. ಗರ್ಭಗುಡಿಯ ಮೇಲ್ಭಾಗದಿಂದ ಸದಾ ತಣ್ಣೀರು ಒಸರುತ್ತದೆ, ಅದೇ ತೀರ್ಥ. ಅರ್ಚಕರು ಪ್ರೋಕ್ಷಿಸಿದಾಗ ಹನಿಯೊಂದು ಕುಲಾವಿಯ ಅಂಚಿನಿಂದ ಮಗುವಿನ ಮೂಗಿಗೆ ಬಿತ್ತು. ಅದು ಕಿರುಚಿದ ದನಿಗೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಜ್ಜಿ ಮಾತ್ರ ಕಣ್ಣೊರಸಿಕೊಂಡು, "ಕೇಳುಸ್ತೇನಪ್ಪ?" ಎಂದು ಒಳಗಿನವನನ್ನು ಕೇಳಿದಳು.

ಹನ್ನೆರಡರ ಬಸ್ಸಿಗೆ ಇಳಿದೆವು.